ಎರೆ ಮಣ್ಣಿಗೂ ಸ್ಟೇರಿಂಗಿಗೂ ನಡುವೆ ಒಂದು ರಬ್ಬರ್ ಟೋಪಿ

ಹತ್ತಿ ಸುಗ್ಗಿಯ ದಿನಗಳಲ್ಲಿ ರಾಯಚೂರಿನ ರಾಜೇಂದ್ರ ಗಂಜ್ ಮುಂದೆ ಪಿಕಪ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಹಿಂದೆ ಆಳೆತ್ತರ ಮೀರಿದ ಅಂಡಿಗೆಗಳು, ಮುಂದಿನ ಗಾಜಿನ ಮೇಲೆ ಮನೆದೇವರ ಹೆಸರು, ಬಂಪರಿಗೆ ನಿಂಬೆಹಣ್ಣು–ಮೆಣಸಿನಕಾಯಿ. ಸರದಿ ಬರುವವರೆಗೆ ಚಾಲಕ ಸುಮ್ಮನೆ ಕೂಡುವವನಲ್ಲ. ಟಯರ್ ಒದ್ದು ಗಾಳಿ ನೋಡುತ್ತಾನೆ, ಆಯಿಲ್ ಕಡ್ಡಿ ಎಳೆದು ನೋಡುತ್ತಾನೆ, ಹಗ್ಗ ಬಿಗಿ ಮಾಡುತ್ತಾನೆ. ಮುಂದಿನ ಗಾಲಿಯ ಒಳಮಗ್ಗುಲಿಗೆ ಬಗ್ಗಿ ಕಣ್ಣು ಹಾಯಿಸುವವರು ಮಾತ್ರ ಅಪರೂಪ. ಅಲ್ಲಿ, ಮಣ್ಣು ಮೆತ್ತಿದ ಕಬ್ಬಿಣದ ರಾಡಿನ ತುದಿಯಲ್ಲಿ, ಅರ್ಧ ಕೊಯ್ದ ನಿಂಬೆಹಣ್ಣಿನಷ್ಟು ಗಾತ್ರದ ಕಪ್ಪು ರಬ್ಬರ್ ಟೋಪಿಯೊಂದು ಕೂತಿರುತ್ತದೆ. ಗ್ಯಾರೇಜಿನವರು ಅದನ್ನು ‘ಬೂಟ್’ ಎನ್ನುತ್ತಾರೆ. ಬಿಡಿಭಾಗದ ಅಂಗಡಿಯಲ್ಲಿ ಕೆಲವರು ‘ಡಸ್ಟ್ ಕವರ್’ ಎಂದೂ ಕೇಳುತ್ತಾರೆ.

ಇಡೀ ಗಾಡಿಯಲ್ಲಿ ಇದಕ್ಕಿಂತ ಅಗ್ಗದ ಸಾಮಾನು ಹುಡುಕಿದರೂ ಹೆಚ್ಚು ಸಿಗುವುದಿಲ್ಲ. ನಾಲ್ಕು ಜನ ಕೂತು ಮಂಡಾಳ ಒಗ್ಗರಣಿ, ಮಿರ್ಚಿ ತಿಂದೆದ್ದರೆ ಆಗುವ ಬಿಲ್ಲಿನ ಆಸುಪಾಸಿನಲ್ಲೇ ಇದರ ಬೆಲೆ. ಆದರೆ ಇದು ಹರಿದ ದಿನದಿಂದ ಸ್ಟೇರಿಂಗಿನ ಆಯುಷ್ಯ ಸವೆಯತೊಡಗುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಯ ನೆಲದಲ್ಲಿ ಆ ಸವೆತ ಇನ್ನಷ್ಟು ಬೇಗ ಸಾಗುತ್ತದೆ.

ತೇರಿಗಿಲ್ಲದ ಕೀಲು

ಊರ ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ತೇರಿಗೆ ಗಾಲಿಗಳಿವೆ, ಅಚ್ಚು ಇದೆ, ಸ್ಟೇರಿಂಗ್ ಇಲ್ಲ. ಅದನ್ನು ಓರೆ ಮಾಡಬೇಕಾದರೆ ಗಾಲಿಯ ಬುಡಕ್ಕೆ ಕಟ್ಟಿಗೆಯ ಸನ್ನೆ ಕೊಡುವವರು ಬೇಕು. ಎರಡು ಗಾಲಿಯ ಎತ್ತಿನ ಬಂಡಿಗೆ ಆ ತಾಪತ್ರಯವೂ ಇಲ್ಲ, ಎತ್ತು ತಿರುಗಿದತ್ತ ಬಂಡಿ ತಿರುಗುತ್ತದೆ. ನಾಲ್ಕು ಗಾಲಿಯ ಗಾಡಿ ವೇಗವಾಗಿ ಓಡುತ್ತಲೇ ತಿರುಗಬೇಕಾದಾಗ ತೊಡಕು ಎದುರಾಯಿತು.

ತಿರುವಿನಲ್ಲಿ ಒಳಮಗ್ಗುಲ ಗಾಲಿ ಸಣ್ಣ ಸುತ್ತು ಹಾಕುತ್ತದೆ, ಹೊರಮಗ್ಗುಲ ಗಾಲಿ ದೊಡ್ಡ ಸುತ್ತು. ಹಾಗಾಗಿ ಎರಡೂ ಒಂದೇ ಕೋನಕ್ಕೆ ತಿರುಗಿದರೆ ಒಂದು ಗಾಲಿ ನೆಲವನ್ನು ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ಇದಕ್ಕೆ ಪರಿಹಾರ ಹೊಳೆದದ್ದು ಮೋಟಾರು ಹುಟ್ಟುವ ಮೊದಲೇ, ಕುದುರೆ ಸಾರೋಟುಗಳ ಕಾಲದಲ್ಲಿ. ಜರ್ಮನಿಯ ಮ್ಯೂನಿಕ್‌ನ ಸಾರೋಟು ಕಟ್ಟುವ ಜಾರ್ಜ್ ಲಾಂಕೆನ್‌ಸ್ಪೆರ್ಗರ್ ಕಂಡುಹಿಡಿದ ವಿಧಾನಕ್ಕೆ 1818ರಲ್ಲಿ ಲಂಡನ್ನಿನಲ್ಲಿ ರುಡಾಲ್ಫ್ ಆಕರ್‌ಮನ್ ಹೆಸರಿನಲ್ಲಿ ಪೇಟೆಂಟ್ ಸಿಕ್ಕಿತು. ಎರಡು ಮುಂಗಾಲಿಗಳಿಗೂ ಬೇರೆ ಬೇರೆ ತಿರುಗುಕೀಲು, ನಡುವೆ ಅವೆರಡನ್ನೂ ಜೋಡಿಸುವ ಒಂದು ರಾಡು. ಇಂದಿನ ಬೊಲೆರೊ, ಕ್ರೂಸರ್, ಟಾಟಾ ಏಸ್‌ಗಳ ಮೂತಿಯ ಕೆಳಗೂ ಇದೇ ಲೆಕ್ಕಾಚಾರ ಕೆಲಸ ಮಾಡುತ್ತಿದೆ.

ಆ ರಾಡೇ ಟೈ ರಾಡ್. ಅದು ಎಡಬಲಕ್ಕೆ ಸರಿದರಷ್ಟೇ ಸಾಲದು. ಗಾಲಿ ಗುಂಡಿಗೆ ಬಿದ್ದು ಎದ್ದಾಗ ರಾಡೂ ಮೇಲೆ ಕೆಳಗೆ ಬಾಗಬೇಕು, ಓರೆಯಾಗಬೇಕು. ಬಾಗಿಲಿಗೆ ಹಾಕುವ ಕೀಲು ಇಲ್ಲಿ ನಡೆಯದು. ಮನುಷ್ಯನ ಭುಜದಲ್ಲಿ ಇರುವಂಥ ಗುಂಡುಕೀಲು ಬೇಕು. ಉಕ್ಕಿನ ಒಂದು ಮೊಳೆ, ಅದರ ತಲೆ ಗೋಲಿಯ ಹಾಗೆ ದುಂಡಗೆ. ಆ ಗೋಲಿ ಒಂದು ಬಟ್ಟಲಿನೊಳಗೆ ಕೂತು ಎತ್ತ ಬೇಕಾದರೂ ಹೊರಳುತ್ತದೆ. ಇದೇ ಬಾಲ್ ಜಾಯಿಂಟ್. ಟೈ ರಾಡಿನ ತುದಿಯಲ್ಲಿದ್ದರೆ ‘ಟೈ ರಾಡ್ ಎಂಡ್’. ಗೋಲಿ–ಬಟ್ಟಲಿನ ನಡುವೆ ಗ್ರೀಸ್ ಇರುತ್ತದೆ. ಆ ಗ್ರೀಸು ಹೊರಗೆ ಬಾರದಂತೆ, ಹೊರಗಿನ ಮಣ್ಣು ಒಳಗೆ ಹೋಗದಂತೆ ಮುಚ್ಚುವುದು ನಮ್ಮ ರಬ್ಬರ್ ಟೋಪಿ. ಭುಜದ ಕೀಲನ್ನು ಸುತ್ತಿಕೊಂಡು ಒಳಗಿನ ಜಿಡ್ಡು ನೀರನ್ನು ಹಿಡಿದಿಡುವ ಪೊರೆ ಇದೆಯಲ್ಲ, ಅದರ ಕೆಲಸವನ್ನೇ ಇದು ಮಾಡುತ್ತದೆ.

ಬಂಡಿ ಕಾಲದವರಿಗೆ ಈ ವಿಷಯ ಹೊಸದೇನಲ್ಲ. ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಮಾಡಿ, ಅಚ್ಚಿಗೆ ಸವರಿ, ಗಾಲಿ ಕಳಚದಂತೆ ಕಡಾಣಿ ಹಾಕುತ್ತಿದ್ದರು. ಬಾಲ್ ಜಾಯಿಂಟಿನಲ್ಲೂ ಕೀಲೆಣ್ಣೆಯ ಜಾಗದಲ್ಲಿ ಗ್ರೀಸ್ ಇದೆ, ಕಡಾಣಿಯ ಜಾಗದಲ್ಲಿ ನಟ್ಟಿನ ತೂತಿನೊಳಗೆ ತೂರುವ ಸ್ಪ್ಲಿಟ್ ಪಿನ್ ಇದೆ. ಹೊಸದಾಗಿ ಸೇರಿದ್ದು ಟೋಪಿ ಮಾತ್ರ. ಮೋಟಾರು ಬಂದ ಆರಂಭದ ದಶಕಗಳಲ್ಲಿ ಅದೂ ರಬ್ಬರಿನದಾಗಿರಲಿಲ್ಲ. ಕೀಲಿನ ಸುತ್ತ ಗ್ರೀಸ್ ತುಂಬಿ ಚರ್ಮದ ಚೀಲ ಕಟ್ಟುವ ರೂಢಿಯಿತ್ತು. ಈಗ ಹೆಚ್ಚಾಗಿ ಬಳಸುವುದು ನಿಯೋಪ್ರೀನ್ ಎಂಬ ಕೃತಕ ರಬ್ಬರ್. ಮರದ ಹಾಲಿನಿಂದ ಬರುವ ಸಾದಾ ರಬ್ಬರ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ನಿಯೋಪ್ರೀನ್ ಅದನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ.

ಮೂರು ಊರು, ಮೂರು ಬಗೆಯ ಪೆಟ್ಟು

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಕಲ್ಲು ಇದೆ. 1294ರ ತೆಲುಗು ಶಾಸನ ಅದರ ಮೇಲಿದೆ. ಶಾಸನದ ಪಕ್ಕದಲ್ಲಿ ಕೆತ್ತಿದ ಚಿತ್ರವೊಂದರಲ್ಲಿ ಅಂಥದೇ ಉದ್ದನೆಯ ಕಲ್ಲನ್ನು ಗಟ್ಟಿ ಗಾಲಿಗಳ ಬಂಡಿಯ ಮೇಲೆ ಹೇರಿ, ಕೋಣಗಳ ದೊಡ್ಡ ಸಾಲನ್ನೇ ಕಟ್ಟಿ ಎಳೆಸುತ್ತಿದ್ದಾರೆ. ಗಾಲಿಗಳಿಗೆ ಸನ್ನೆಗೋಲು ಕೊಟ್ಟು ನೂಕುವವರೂ ಕಾಣುತ್ತಾರೆ. ಈ ನೆಲದಲ್ಲಿ ಭಾರದ ಗಾಲಿ ಉರುಳಿಸುವುದು ಎಷ್ಟು ತ್ರಾಸಿನ ಕೆಲಸವೆಂದು 700 ವರ್ಷದ ಹಿಂದೆ ಬರೆದಿಟ್ಟ ಚಿತ್ರ ಅದು.

ಕೃಷ್ಣೆ–ತುಂಗಭದ್ರೆಯರ ನಡುವಿನ ಎಡೆದೊರೆ ಸೀಮೆ ಇದು. ಬಹುಪಾಲು ಎರೆ ಭೂಮಿ. ಈ ಮಣ್ಣಿನ ಜೇಡಿಯ ಕಣ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದು, ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವುದು ಇದಕ್ಕಾಗಿಯೇ. ಮೇಲೆ ಡಾಂಬರು ಹಾಕಿದರೂ ಕೆಳಗಿನ ನೆಲ ವರ್ಷವಿಡೀ ಏರಿಳಿಯುವುದರಿಂದ ರಸ್ತೆ ಅಲೆಯಂತಾಗುತ್ತದೆ. ಪ್ರತಿ ಅಲೆಗೂ ಬಾಲ್ ಜಾಯಿಂಟ್ ಒಮ್ಮೆ ಹೊರಳುತ್ತದೆ, ಬೂಟು ಒಮ್ಮೆ ಮಡಿಚಿ ಬಿಚ್ಚಿಕೊಳ್ಳುತ್ತದೆ.

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಅಲ್ಲಿ ಗಾಡಿಯ ವೈರಿ ರಾಡಿ. ಗದ್ದೆಯ ಬದುವಿನಿಂದ ಭತ್ತದ ಚೀಲ ಹೇರಿಕೊಂಡು ಬರುವ ಪಿಕಪ್ಪಿನ ಮುಂಗಾಲಿಯ ಸಂದಿಯಲ್ಲಿ ಕೆಸರು ಗಡ್ಡೆಗಟ್ಟುತ್ತದೆ. ರಾತ್ರಿ ಕಳೆದು ಮರುದಿನ ಬಿಸಿಲಿಗೆ ಅದು ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಒಳಗೆ ಸಿಕ್ಕಿಬಿದ್ದ ಬೂಟು ಮಡಿಕೆ ಬಿಚ್ಚಲಾರದು. ಚಾಲಕ ಸ್ಟೇರಿಂಗ್ ತಿರುಗಿಸಿದಾಗ ಮೊಳೆ ತಿರುಗುತ್ತದೆ, ರಬ್ಬರ್ ಮಣ್ಣಿಗೆ ಅಂಟಿ ನಿಲ್ಲುತ್ತದೆ, ತುಟಿಯ ಬಳಿ ಹರಿಯುತ್ತದೆ. ರಾಡಿಗೆ ಸುತ್ತಿಕೊಂಡ ಭತ್ತದ ಹುಲ್ಲೂ ಬೂಟಿನ ಬುಡವನ್ನು ದಿನಾ ಉಜ್ಜುತ್ತದೆ.

ದೇವದುರ್ಗದ ಪಾಡು ಬೇರೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಹಳ್ಳಿಗಳಿವೆ, ಹತ್ತಿ, ತೊಗರಿ, ಮೆಣಸಿನಕಾಯಿಯ ಒಣ ಹೊಲಗಳೂ ಇವೆ. ಹತ್ತಿ ಬಿಡಿಸಲು ಕೂಲಿಯವರನ್ನು ಕರೆದೊಯ್ಯುವ ಕ್ರೂಸರ್, ಟಂಟಂ, ಪಿಕಪ್‌ಗಳು ಎಷ್ಟೋ ಸಲ ಹೊಲದೊಳಗೇ ಇಳಿಯುತ್ತವೆ. ತೊಗರಿ ಕಟಾವಾದ ಹೊಲದಲ್ಲಿ ಉಳಿಯುವ ಕೂಳೆ ಟ್ರ್ಯಾಕ್ಟರ್ ಟಯರನ್ನೇ ಚುಚ್ಚುವಷ್ಟು ಚೂಪು, ತೆಳ್ಳನೆಯ ರಬ್ಬರ್ ಟೋಪಿ ಅದಕ್ಕೆ ಲೆಕ್ಕವಲ್ಲ. ಕೃಷ್ಣೆಯ ದಂಡೆಯ ಮರಳು, ಜಲ್ಲಿ ದಾರಿಯಿಂದ ಹಾರುವ ಕಲ್ಲುಚೂರು ಇವುಗಳ ಪೆಟ್ಟು ಬೇರೆ.

ರಾಯಚೂರು ನಗರದ ಸುತ್ತ ಧೂಳಿಗೆ ಇನ್ನೊಂದು ಮೂಲವಿದೆ. 1985ರಲ್ಲಿ ಮೊದಲ ಘಟಕ ಶುರುವಾದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದಿದೆ. ಕಲ್ಲಿದ್ದಲು ಸುಟ್ಟ ಮೇಲೆ ಉಳಿಯುವ ಹಾರುಬೂದಿಯನ್ನು ಹೊತ್ತ ಲಾರಿಗಳು ಈ ರಸ್ತೆಗಳಲ್ಲೇ ಓಡಾಡುತ್ತವೆ. ಗಂಧದ ಪುಡಿಯಷ್ಟು ನುಣುಪಾಗಿ ಕಂಡರೂ ಆ ಬೂದಿಯ ಕಣದಲ್ಲಿರುವುದು ಹೆಚ್ಚಾಗಿ ಸಿಲಿಕಾ, ಅಲ್ಯುಮಿನಾ. ಮರಳಿನಲ್ಲಿರುವುದೂ ಸಿಲಿಕಾವೇ, ಅದು ಸಾದಾ ಉಕ್ಕಿಗಿಂತ ಗಟ್ಟಿ. ಹರಿದ ಬೂಟಿನೊಳಗೆ ಇಂಥ ಧೂಳು ಸೇರಿ ಗ್ರೀಸಿನೊಡನೆ ಕಲೆತರೆ ಅದು ಕೀಲೆಣ್ಣೆಯಾಗಿ ಉಳಿಯುವುದಿಲ್ಲ, ಉಕ್ಕನ್ನು ತೇಯುವ ಸಾಣೆಯ ಲೇಪವಾಗುತ್ತದೆ.

ಇವೆಲ್ಲದರ ಮೇಲೆ ಬಿಸಿಲು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಡಾಂಬರಿನ ಕಾವು ಅದಕ್ಕೂ ಹೆಚ್ಚು. ಕಾವಿನಿಂದ ರಬ್ಬರ್ ಮೆತ್ತನೆಯ ಗುಣ ಕಳೆದುಕೊಂಡು ಬಿರುಸಾಗುತ್ತದೆ. ಗಾಳಿಯಲ್ಲಿರುವ ಓಝೋನ್ ಅನಿಲ ರಬ್ಬರ್ ಎಳೆದು ನಿಂತ ಕಡೆಯಲ್ಲೇ ಕಚ್ಚುತ್ತದೆ. ಅದಕ್ಕೇ ಬೂಟಿನ ಮಡಿಕೆಯ ತುದಿಯಲ್ಲಿ ಮೊದಲು ಕೂದಲೆಳೆಯಂಥ ಸೀಳು ಕಾಣುವುದು. ಮೇಲಿನಿಂದ ನೋಡಿದರೆ ಬೂಟು ಹೊಸದರಂತಿರುತ್ತದೆ, ಹೆಬ್ಬೆರಳಿನಿಂದ ಮಡಿಕೆ ಅಗಲಿಸಿದರೆ ಒಳಗೆ ಬಿರಿದ ಎರೆ ಹೊಲವೇ ಕಾಣುತ್ತದೆ.

ಕಾನೂನಿನಲ್ಲೂ ಇದೆ ಈ ಟೋಪಿ

ಇಷ್ಟು ಚಿಕ್ಕ ಸಾಮಾನಿನ ಬಗ್ಗೆ ಸರಕಾರ ಯಾಕೆ ತಲೆ ಕೆಡಿಸಿಕೊಂಡೀತು ಎಂದು ಅನ್ನಿಸಬಹುದು. ಆದರೆ ಅದು ಕೆಡಿಸಿಕೊಂಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಸ್ಟೇರಿಂಗಿಗೆ ಸಂಬಂಧಿಸಿದ್ದು. ಸ್ಟೇರಿಂಗ್ ಚಕ್ರದಲ್ಲಿ ಸಡಿಲ 30 ಡಿಗ್ರಿ ಮೀರಬಾರದು, ಸ್ಟೇರಿಂಗಿನ ಕೊಂಡಿಗಳನ್ನು ಜೋಡಿಸುವ ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಟೋಪಿಯ ರಕ್ಷಣೆ ಇರಬೇಕು, ಬೋಲ್ಟು ಅಥವಾ ಪಿನ್ನು ಹಾಕಿದ ಕಡೆ ಅವು ಕಳಚದಂತೆ ಭದ್ರವಾಗಿರಬೇಕು ಎನ್ನುತ್ತದೆ ಆ ನಿಯಮ. ಅಂದರೆ ಹರಿದ ಬೂಟಿನ ಗಾಡಿ ಓಡಿಸುವುದು ಬರೀ ಅಸಡ್ಡೆಯಲ್ಲ, ನಿಯಮದ ಉಲ್ಲಂಘನೆಯೂ ಹೌದು.

30 ಡಿಗ್ರಿ ಎಂದರೆ ಎಷ್ಟು? ಗಡಿಯಾರದ ಮುಖದಲ್ಲಿ 12ರಿಂದ 1ರವರೆಗಿನ ಅಂತರ. 38 ಸೆಂಟಿಮೀಟರ್ ಅಗಲದ ಸ್ಟೇರಿಂಗ್ ಚಕ್ರದ ಅಂಚಿನಲ್ಲಿ ಅಳೆದರೆ ಸುಮಾರು 10 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಅಂಗೈ ಅಗಲ. ಗಾಲಿ ಮಿಸುಕದೆ ಚಕ್ರ ಮಾತ್ರ ಅಂಗೈ ಅಗಲ ಖಾಲಿ ತಿರುಗಿದರೆ ಕಾನೂನಿನ ಗಡಿ ಮುಟ್ಟಿದಂತೆ. ಅನುಭವಿ ಮಿಸ್ತ್ರಿಗಳು ಅಲ್ಲಿಯವರೆಗೆ ಕಾಯುವುದಿಲ್ಲ, ಎರಡು ಬೆರಳಿನ ಸಡಿಲಕ್ಕೇ ಗಾಡಿಯ ಕೆಳಗೆ ತೂರುತ್ತಾರೆ.

ಈ ನಿಯಮ ಪಾಲನೆಯಾಗಿದೆಯೇ ಎಂದು ನೋಡುವ ಸಮಯ ಫಿಟ್ನೆಸ್ ಪರೀಕ್ಷೆ. ಹಳದಿ ಬೋರ್ಡಿನ ಗಾಡಿಗಳಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್ನೆಸ್ ಪ್ರಮಾಣಪತ್ರ ಮಾಡಿಸಬೇಕು. ‘ಕೆಎ 36’ ನೋಂದಣಿಯ ಪಿಕಪ್‌ಗಳು ಆ ನೆಪದಲ್ಲಾದರೂ ತಪಾಸಣೆಗೆ ನಿಲ್ಲುತ್ತವೆ. ಬಿಳಿ ಬೋರ್ಡಿನ ಖಾಸಗಿ ಜೀಪು, ಬೊಲೆರೊಗಳಿಗೆ ನೋಂದಣಿ 15 ವರ್ಷದ್ದು, ಅದು ಮುಗಿದ ಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ರೈತನೊಬ್ಬನ ಸ್ವಂತ ಜೀಪು 15 ವರ್ಷ ಕೂಳೆಯ ಹೊಲದಲ್ಲಿ ಓಡಾಡಿದರೂ ಅದರ ಬೂಟನ್ನು ಬಗ್ಗಿ ನೋಡಲೇಬೇಕಾದ ಅಧಿಕಾರಿ ಯಾರೂ ಇಲ್ಲ. ನೋಡಬೇಕಾದವರು ಮಾಲೀಕರೇ.

ಮಿಸ್ತ್ರಿಯ ಕಿವಿ, ಮಿಸ್ತ್ರಿಯ ಕೈ

“ಗಾಡಿ ಯಾವ ಕಡಿ ಎಳಿತದ್ರಿ?” ಗ್ಯಾರೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದು. “ಎಳಿಯಂಗಿಲ್ಲ, ಆದ್ರ ಸ್ಟೇರಿಂಗ್ ಕೈಯಾಗ ಖಾಲಿ ಖಾಲಿ ಅನಸ್ತದ. ಗುಂಡಿಗಿ ಬಿದ್ರ ಟಕ್ ಅಂತದ” ಎಂದು ಚಾಲಕ ಹೇಳಿದರೆ ಅರ್ಧ ರೋಗ ಅಲ್ಲಿಗೇ ಗೊತ್ತಾದಂತೆ. ಉಳಿದರ್ಧ ಟಯರ್ ಹೇಳುತ್ತದೆ. ಟೈ ರಾಡ್ ಎಂಡ್ ಸಡಿಲವಾದರೆ ಮುಂದಿನ ಎರಡು ಗಾಲಿಗಳು ನೇರ ನಿಲ್ಲದೆ ಟಯರಿನ ಒಂದು ಅಂಚು ಮಾತ್ರ ಬೇಗ ಸವೆಯುತ್ತದೆ. ಅಂಗೈಯನ್ನು ಟಯರಿನ ಮೇಲೆ ಅಡ್ಡಡ್ಡ ಸವರಿದರೆ ಒಂದು ಕಡೆಗೆ ಗರಗಸದ ಹಲ್ಲಿನಂತೆ ತಾಕುತ್ತದೆ.

ಆಮೇಲೆ ಕೈಯ ಪರೀಕ್ಷೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗೆ ಮುಂದೂ ಹಿಂದೂ ಕಲ್ಲು ಕೊಟ್ಟು, ಮುಂದಿನ ಗಾಲಿಯನ್ನು ಜಾಕ್‌ನಿಂದ ಎತ್ತಿ, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕುವುದು ಪ್ರಾಣಕ್ಕೆ ಎರವು. ಎರೆ ನೆಲದ ಮೇಲಂತೂ ಜಾಕ್ ಕಾಲೂರುವುದೇ ಇಲ್ಲ, ಅಗಲ ಹಲಗೆ ಬೇಕೇ ಬೇಕು. ಗಾಲಿಯನ್ನು ಗಡಿಯಾರವೆಂದುಕೊಂಡು 9 ಮತ್ತು 3ರ ಜಾಗದಲ್ಲಿ ಹಿಡಿದು ಎಳೆದು ನೂಕಿದಾಗ ಕಟಕಟ ಎಂದರೆ ಸಂಶಯ ಮೊದಲು ಟೈ ರಾಡ್ ಎಂಡ್‌ನ ಮೇಲೆ. 12 ಮತ್ತು 6ರ ಜಾಗದಲ್ಲಿ ಹಿಡಿದಾಗ ಅಲ್ಲಾಡಿದರೆ ಗಾಲಿಯ ಬೇರಿಂಗ್ ಅಥವಾ ಸಸ್ಪೆನ್ಷನ್ನಿನ ಬಾಲ್ ಜಾಯಿಂಟ್ ನೋಡಬೇಕು. ಕಣ್ಣಿಗೆ ಕಾಣದ ಸಡಿಲವನ್ನು ಬೆರಳು ಹಿಡಿಯುತ್ತದೆ. ಹುಡುಗನೊಬ್ಬ ಸ್ಟೇರಿಂಗನ್ನು ಸಣ್ಣಗೆ ಅತ್ತಿತ್ತ ಆಡಿಸುತ್ತಿದ್ದರೆ ಮಿಸ್ತ್ರಿ ಕೀಲಿನ ಮೇಲೆ ಬೆರಳಿಟ್ಟು ಒಳಗಿನ ಬಡಿತ ಕೇಳುತ್ತಾನೆ, ವೈದ್ಯ ನಾಡಿ ಹಿಡಿದಂತೆ.

ಕೊನೆಗೆ ಬೂಟಿನೊಳಗಿನ ಗ್ರೀಸ್. ಕಪ್ಪಾಗಿದೆ ಎಂದ ಮಾತ್ರಕ್ಕೆ ಕೆಟ್ಟಿದೆ ಎನ್ನುವಂತಿಲ್ಲ, ಮಾಲಿಬ್ಡಿನಂ ಬೆರೆಸಿದ ಗ್ರೀಸು ಹೊಸದರಲ್ಲೂ ಕಪ್ಪೇ. ಎರಡು ಬೆರಳ ನಡುವೆ ಉಜ್ಜಿ ನೋಡಬೇಕು. ಬೆಣ್ಣೆಯಂತೆ ಜಾರಿದರೆ ಸರಿ. ಗರಗರ ಎಂದರೆ ಮಣ್ಣು ಸೇರಿದೆ, ಕೆಂಪು ಬಣ್ಣ ತಿರುಗಿದ್ದರೆ ನೀರು ಹೊಕ್ಕು ತುಕ್ಕು ಹಿಡಿದಿದೆ. ಇಲ್ಲೇ ತೀರ್ಮಾನ. “ಬೂಟ್ ಹರದದ, ಆದ್ರ ಜಾಯಿಂಟ್ ಇನ್ನಾ ಬಿಗಿ ಅದ. ಬರೇ ಬೂಟ್ ಹಾಕಿದ್ರ ನಡಿತದ್ರಿ” ಎನ್ನುವ ಹಂತದಲ್ಲಿ ಗಾಡಿ ಬಂದಿದ್ದರೆ ಮಾಲೀಕ ಅದೃಷ್ಟವಂತ. ಸಡಿಲವಾದ ಕೀಲಿಗೆ ಹೊಸ ಬೂಟು ಹಾಕಿ ಪ್ರಯೋಜನವಿಲ್ಲ, ಒಳಗೆ ಸವೆದ ಉಕ್ಕು ಮತ್ತೆ ಬೆಳೆಯದು. ಆಗ ಇಡೀ ಟೈ ರಾಡ್ ಎಂಡ್ ಬದಲಿಸಬೇಕು.

ಬದಲಿಸುವ ಕ್ರಮ

ಬೂಟು ಬದಲಿಸುವುದು ನುರಿತ ಕೈಗೆ ಚಹಾ ಕುಡಿಯುವ ಎರಡು ಬಿಡುವಿನ ನಡುವಣ ಕೆಲಸ. ಆದರೆ ಪ್ರತಿ ಹೆಜ್ಜೆಯಲ್ಲೂ ಕೆಡಿಸುವ ಅವಕಾಶವಿದೆ.

ಮೊದಲು ಸ್ಪ್ಲಿಟ್ ಪಿನ್ನಿನ ಕಾಲು ನೆಟ್ಟಗೆ ಮಾಡಿ ಎಳೆಯಬೇಕು. ಕಿರೀಟದಂತೆ ಹಲ್ಲು ಹಲ್ಲಾಗಿರುವ ನಟ್ಟನ್ನು ಕೆಲವು ಸುತ್ತು ಸಡಿಲಿಸಿ ಹಾಗೇ ಬಿಡಬೇಕು, ಪೂರಾ ತೆಗೆಯಬಾರದು. ಯಾಕೆಂದರೆ ಮೊಳೆಯ ಬುಡ ಕೂಡುವ ತೂತು ನೇರವಾದ್ದಲ್ಲ, ಆಲಿಕೆಯ ಹಾಗೆ ಕಿರಿದಾಗುತ್ತ ಹೋಗುವಂಥದ್ದು. ವರ್ಷಗಟ್ಟಲೆ ಬಿಗಿದು ಕೂತ ಮೊಳೆ ಬಿಟ್ಟಾಗ ದಡಕ್ಕನೆ ಕೆಳಗೆ ಬೀಳುತ್ತದೆ, ನಟ್ಟು ಇದ್ದರೆ ಹಿಡಿಯುತ್ತದೆ.

ಆ ಮೊಳೆಯನ್ನು ಬಿಡಿಸಲು ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದ ಕಡೆ ಹಳೆಯ ಮಿಸ್ತ್ರಿಗಳ ವಿದ್ಯೆ ಒಂದಿದೆ. ಮೊಳೆಯ ತುದಿಗೆ ಹೊಡೆಯುವುದಿಲ್ಲ, ಹೊಡೆದರೆ ಮರೆ, ಅಂದರೆ ಥ್ರೆಡ್, ಕೆಡುತ್ತದೆ. ಮೊಳೆ ಕೂತ ತೋಳಿನ ಬಳೆಯ ಎರಡು ಮಗ್ಗುಲಿಗೆ ಎರಡು ಸುತ್ತಿಗೆ ಹಿಡಿದು ಒಮ್ಮೆಲೇ ಏಟು ಕೊಡುತ್ತಾರೆ. ಕ್ಷಣಮಾತ್ರ ಬಳೆ ಅಂಡಾಕಾರವಾಗಿ ಅದುರಿ, ಮೊಳೆ ‘ಟಪ್’ ಎಂದು ಕಳಚಿಕೊಳ್ಳುತ್ತದೆ. ಕವಲು ತುದಿಯ ಕಬ್ಬಿಣವನ್ನು ಸಂದಿಗೆ ಬಡಿದು ಎಬ್ಬಿಸುವ ಇನ್ನೊಂದು ರೀತಿಯಿದೆ. ಅದು ಬೂಟನ್ನೇ ಹರಿಯುತ್ತದೆ, ಇಡೀ ಕೀಲು ಎಸೆಯುವುದಿದ್ದರೆ ಮಾತ್ರ ಸರಿ.

ಹಳೆ ಬೂಟು ತೆಗೆದ ಮೇಲೆ ಗೋಲಿಯ ಕುತ್ತಿಗೆಯನ್ನು ಚಿಂದಿ ಬಟ್ಟೆಯಿಂದ ಚೊಕ್ಕ ಒರೆಸಬೇಕು. ಡೀಸೆಲ್ ಸುರಿದು ತೊಳೆಯುವ ರೂಢಿ ಇದೆ, ಆದರೆ ಒಳಗೆ ಉಳಿಯುವ ಡೀಸೆಲ್ ಹೊಸ ಗ್ರೀಸನ್ನು ತೆಳುವಾಗಿಸುತ್ತದೆ. ಲಿಥಿಯಂ ಗ್ರೀಸನ್ನು ಕೀಲಿಗೂ ಬೂಟಿನ ಒಳಮೈಗೂ ತುಂಬಬೇಕು, ಗಂಟಲಮಟ ಅಲ್ಲ. ಮಡಿಕೆ ಕುಗ್ಗಲು ಜಾಗ ಬೇಕು. ಬೂಟಿನ ಕೆಳತುಟಿ ಬಟ್ಟಲಿನ ತೋಡಿನಲ್ಲಿ ಸುತ್ತಲೂ ಸಮ ಕೂಡಬೇಕು, ಅದನ್ನು ಹಿಡಿಯುವ ತಂತಿ ಬಳೆ ಎಲ್ಲಿಯೂ ಎದ್ದಿರಬಾರದು. ಕೂಡಿಸಲು ಸರಿಯಾದ ಅಳತೆಯ ಪೈಪಿನ ತುಂಡು ಸಾಕು, ಸ್ಕ್ರೂಡ್ರೈವರಿನಿಂದ ಮೀಟಿದರೆ ಹೊಸ ಬೂಟಿಗೆ ಅಲ್ಲೇ ತೂತು.

ಮೊಳೆಯ ಇಳಿಜಾರು ಮೈಗೂ ಅದು ಕೂಡುವ ತೂತಿಗೂ ಗ್ರೀಸ್ ತಾಗಿರಬಾರದು. ಒಣ ಉಕ್ಕು ಒಣ ಉಕ್ಕಿಗೆ ಕಚ್ಚಿ ಹಿಡಿಯುವುದೇ ಅಲ್ಲಿಯ ಗುಟ್ಟು. ನಟ್ಟನ್ನು ಕಂಪನಿಯ ಕೈಪಿಡಿ ಹೇಳಿದಷ್ಟು ಬಿಗಿದು, ತೂತಿಗೆ ಹಲ್ಲಿನ ಸಂದಿ ಕೂಡದಿದ್ದರೆ ಇನ್ನಷ್ಟು ಬಿಗಿದೇ ಕೂಡಿಸಬೇಕು, ಸಡಿಲಿಸಿ ಅಲ್ಲ. ಸ್ಪ್ಲಿಟ್ ಪಿನ್ ಯಾವಾಗಲೂ ಹೊಸದು. ಒಮ್ಮೆ ಬಾಗಿದ ಪಿನ್ನಿನ ಕಾಲು ಎರಡನೆಯ ಸಲ ಬಾಗಿಸಿದಾಗ ಮುರಿಯಬಹುದು.

ಬರೀ ಬೂಟು ಬದಲಿಸಿದರೆ ಗಾಲಿಗಳ ಅಲೈನ್‌ಮೆಂಟ್ ಬದಲಾಗದು. ಟೈ ರಾಡ್ ಎಂಡ್ ಬದಲಿಸಿದರೆ ಬದಲಾಗುತ್ತದೆ. ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತಿಗೆ ಕಳಚಿತೆಂದು ಎಣಿಸಿ ಹೊಸದನ್ನು ಅಷ್ಟೇ ಸುತ್ತು ತಿರುಗಿಸುವುದು ಗ್ಯಾರೇಜಿನ ಅಂದಾಜು, ಅಲೈನ್‌ಮೆಂಟ್ ಯಂತ್ರದವರೆಗೆ ತಲುಪಲು ಸಾಕು, ಅಷ್ಟೆ. ಎಷ್ಟೋ ಗಾಡಿಗಳಲ್ಲಿ ರಾಡಿನ ಒಂದು ತುದಿಯ ಮರೆ ಎಡಗಡೆಗೆ ತಿರುಗುವಂಥದ್ದು. ಗೊತ್ತಿಲ್ಲದೆ ಬಲವಂತ ಮಾಡಿದರೆ ಮರೆಯೇ ಹೋಗುತ್ತದೆ.

ಎಲ್ಲ ಗಾಡಿಯ ಕಥೆ ಒಂದೇ ಅಲ್ಲ. ಮಹೀಂದ್ರ ಕಂಪನಿ 1947ರಲ್ಲಿ ತಂದು ಜೋಡಿಸತೊಡಗಿದ ವಿಲ್ಲಿಸ್ ಜೀಪಿನ ಜಾತಿಯ ಫೋರ್ ವೀಲ್ ಗಾಡಿಗಳಲ್ಲಿ ಮುಂದಿನ ಅಚ್ಚಿನ ತುದಿಗೆ ದೊಡ್ಡ ಉಕ್ಕಿನ ಗುಂಡು, ಅದರ ಸುತ್ತ ಉಣ್ಣೆಯ ಫೆಲ್ಟ್ ಪಟ್ಟಿ ಇರುತ್ತಿತ್ತು. ರ‍್ಯಾಕ್ ಇರುವ ಸ್ಟೇರಿಂಗಿನಲ್ಲಿ ಟೋಪಿಯ ಜತೆಗೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯ ಉದ್ದ ಬೂಟು. ಅದನ್ನು ಹಾಕಲು ಟೈ ರಾಡ್ ಎಂಡ್ ಬಿಚ್ಚಲೇಬೇಕು. ಸಸ್ಪೆನ್ಷನ್ನಿನ ಕೆಳಗಿನ ಬಾಲ್ ಜಾಯಿಂಟಿನ ಮೇಲೆ ಸ್ಪ್ರಿಂಗಿನ ಒತ್ತಡ ಇರುವ ಗಾಡಿಗಳಲ್ಲಿ ಮನೆಯ ಅಂಗಳದ ಸಾಹಸ ಬೇಡ. ಬಿಟ್ಟ ಸ್ಪ್ರಿಂಗ್ ಕೈಕಾಲು ಮುರಿಯಬಲ್ಲದು.

ಸೈಕಲ್ ಟ್ಯೂಬಿನ ಪಟ್ಟಿ

ನಡುದಾರಿಯಲ್ಲಿ ಬೂಟು ಹರಿದದ್ದು ಕಂಡಾಗ ಸೈಕಲ್ ಟ್ಯೂಬ್ ಕೊಯ್ದು ಸುತ್ತಿ ಕಟ್ಟುವುದು ಹಳೆಯ ಉಪಾಯ. ಊರು ಮುಟ್ಟುವವರೆಗೆ ಅದು ತಪ್ಪೇನಲ್ಲ. ತೊಂದರೆ ಶುರುವಾಗುವುದು ಆ ಪಟ್ಟಿ ಮುಂದಿನ ಸುಗ್ಗಿಯವರೆಗೂ ಹಾಗೇ ಉಳಿದಾಗ. ಟ್ಯೂಬಿನ ಒಳಗೆ ಆಗಲೇ ಹೊಕ್ಕ ಮಣ್ಣು ಈಗ ಹೊರಗೂ ಬರಲಾರದೆ ಒಳಗೇ ಅರೆಯುತ್ತದೆ.

ಒಳ್ಳೆಯದೆಂದು ಮಾಡುವ ಕೆಲಸಗಳೂ ಬೂಟಿಗೆ ಮುಳುವಾಗುತ್ತವೆ. ವಾಟರ್ ಸರ್ವಿಸ್‌ನಲ್ಲಿ ಜೋರು ನೀರಿನ ಕೊಳವೆಯನ್ನು ನೇರ ಕೀಲಿಗೇ ಹಿಡಿದರೆ ಬೂಟಿನ ತುಟಿ ಎದ್ದು ನೀರು ಒಳಗೆ ನುಗ್ಗುತ್ತದೆ. ತುಕ್ಕು ಹಿಡಿಯದಿರಲೆಂದು ಗಾಡಿಯ ಅಡಿಗೆಲ್ಲ ಸುಟ್ಟ ಆಯಿಲ್ ಸಿಂಪಡಿಸಿದರೆ ಕಬ್ಬಿಣ ಉಳಿಯುತ್ತದೆ, ರಬ್ಬರ್ ಕೆಡುತ್ತದೆ. ಗ್ರೀಸ್ ನಿಪ್ಪಲ್ ಇರುವ ಕೀಲಿಗೆ ಗ್ರೀಸ್ ಗನ್ ಹಿಡಿದವರು ಬೂಟು ತುಸು ಉಬ್ಬಿದೊಡನೆ ನಿಲ್ಲಿಸಬೇಕು. ಹೊಸ ಹುಡುಗರು ಗ್ರೀಸು ಹೊರಗೆ ಉಕ್ಕುವವರೆಗೂ ಒತ್ತಿ ಬೂಟನ್ನೇ ಒಡೆಯುತ್ತಾರೆ. ಅಂಗಡಿಯಲ್ಲಿ ‘ಯಾವುದಾದ್ರೂ ಕೊಡ್ರಿ’ ಎಂದು ತರುವ ಬೂಟು ಅರ್ಧ ಅಳತೆಗೆ ಕೂತು ಒಂದೇ ಮಳೆಗಾಲಕ್ಕೆ ಬಾಯಿ ಬಿಡುತ್ತದೆ. ಹಳೆಯದನ್ನು ಜತೆಗೊಯ್ದು ಕೆಳತುಟಿ, ಮೇಲ್ತೂತು ಎರಡನ್ನೂ ಹೊಂದಿಸಿ ತರುವುದು ಜಾಣತನ.

ನೋಡದೆ ಬಿಟ್ಟರೆ ಕೊನೆಗೆ ಏನಾಗುತ್ತದೆ? ಗೋಲಿ ಸವೆಯುತ್ತದೆ, ಬಟ್ಟಲಿನ ಬಾಯಿ ಅಗಲವಾಗುತ್ತದೆ. ಒಂದು ದಿನ, ಹೆಚ್ಚಾಗಿ ಭಾರ ಹೇರಿದಾಗ ಅಥವಾ ಗುಂಡಿಗೆ ಬಿದ್ದಾಗ, ಗೋಲಿ ಬಟ್ಟಲಿನಿಂದ ಹೊರಕ್ಕೆ ಹಾರುತ್ತದೆ. ಆಗ ಒಂದು ಗಾಲಿ ಚಾಲಕನ ಮಾತು ಕೇಳುವುದಿಲ್ಲ. ಎಡಗಾಲಿ ಒಂದು ದಿಕ್ಕಿಗೆ, ಬಲಗಾಲಿ ಇನ್ನೊಂದು ದಿಕ್ಕಿಗೆ. ಗ್ಯಾರೇಜಿನ ಬಾಗಿಲಲ್ಲಿ ಹಾಗಾದರೆ ನಗುತ್ತ ಎತ್ತಿ ಕೂಡಿಸಬಹುದು. ಹಿಂದೆ ಹದಿನೈದು ಮಂದಿ ಹತ್ತಿ ಬಿಡಿಸುವ ಹೆಂಗಸರು ಕೂತಿದ್ದು, ಪಕ್ಕದಲ್ಲಿ ತುಂಬಿ ಹರಿಯುವ ಕಾಲುವೆ ಇದ್ದರೆ ಮಾತೇ ಬೇರೆ.

ಇಲ್ಲಿಯ ಬೆಳೆಯ ಲೆಕ್ಕದಲ್ಲಿ ಬೂಟು ನೋಡಲು ಹೇಳಿಮಾಡಿಸಿದಂಥ ಸಮಯವೊಂದಿದೆ. ಮುಂಗಾರು ಹಿಂದೆ ಸರಿದು ರಸ್ತೆಯ ರಾಡಿ ಒಣಗಿರುತ್ತದೆ, ಹತ್ತಿ ಬಿಡಿಸುವ ಕೆಲಸ ಇನ್ನೇನು ಶುರುವಾಗಬೇಕು, ಭತ್ತದ ಕಟಾವಿಗೆ ಕೆಲವು ವಾರ ಬಾಕಿ. ದಸರಾ ಬರುವುದೂ ಆಗಲೇ. ಆಯುಧ ಪೂಜೆಗೆಂದು ಹೇಗೂ ಗಾಡಿ ತೊಳೆಯುತ್ತಾರೆ. ತೊಳೆದ ಗಾಡಿಯ ಕೆಳಗೆ ಬ್ಯಾಟರಿ ಬೆಳಕು ಹಿಡಿದರೆ ಸೀಳು, ಸೋರಿದ ಗ್ರೀಸಿನ ಜಿಡ್ಡು, ಬಿಟ್ಟುಹೋದ ತಂತಿ ಬಳೆ ಎಲ್ಲವೂ ನಿಚ್ಚಳ ಕಾಣುತ್ತವೆ. ಮುಂಗಾಲಿಗಳನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ತಿರುಗಿಸಿ ನೋಡಬೇಕು, ನೇರ ನಿಂತಾಗ ಮಡಿಕೆಯೊಳಗೆ ಅಡಗುವ ಸೀಳು ಆಗ ಬಾಯ್ತೆರೆಯುತ್ತದೆ. ಬಾಳೆಕಂಬ ಕಟ್ಟಿ ಕುಂಬಳಕಾಯಿ ಒಡೆಯುವ ಮೊದಲು ಹತ್ತು ನಿಮಿಷದ ಕೆಲಸ ಅದು.

ಬೂಟು ಬದಲಾದ ಗಾಡಿಯನ್ನು ಹೊರಗೆ ಬಿಡುವ ಮುನ್ನ ಕೆಲವು ಮಿಸ್ತ್ರಿಗಳು ನಟ್ಟಿನ ಮೇಲಿಂದ ಮೊಳೆಯ ತುದಿಗೆ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆಯುತ್ತಾರೆ. “ಒಂದ್ ಟ್ರಿಪ್ ಮಾನ್ವಿಗಿ ಹೋಗಿ ಬರ‍್ರಿ, ಆಮ್ಯಾಲ ತೋರಸ್ರಿ” ಎಂದು ಕಳಿಸುತ್ತಾರೆ. ತಿರುಗಿ ಬಂದಾಗ ಗಾಡಿ ಎತ್ತುವುದೂ ಇಲ್ಲ, ಪಾನಾ ಹಿಡಿಯುವುದೂ ಇಲ್ಲ. ಗಾಲಿ ಪೂರ್ತಿ ಹೊರಳಿಸಲು ಹೇಳಿ, ಬಗ್ಗಿ, ಗೆರೆ ನಟ್ಟಿನ ಬಳಿ ಮುರಿದಿದೆಯೋ ಕೂಡಿಯೇ ಇದೆಯೋ ಎಂದು ನೋಡುತ್ತಾರೆ.